ಓದುಗರ ಪ್ರಶ್ನೆ: ಒಂದು ಮತಕ್ಕೆ ಸೋತ ಶಾಸಕ, ನಕ್ಷೆಯಿಂದ ಅಳಿದ ಅಟ್ಲಿನ್ ಕ್ಷೇತ್ರ

ಪ್ರಶ್ನೆ: ನಾನು ಯಳಂದೂರು ತಾಲ್ಲೂಕಿನ ನಿವೃತ್ತ ಶಿಕ್ಷಕ. 2004ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರೆದುರು ಒಂದೇ ಒಂದು ಮತದಿಂದ ಗೆದ್ದದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲವೆಂಬ ಮಾತು ನಮ್ಮ ಕಡೆ ಇವತ್ತಿಗೂ ಓಡಾಡುತ್ತದೆ. ಆಮೇಲೆ ನಾಲ್ಕೇ ವರ್ಷಗಳಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ಕೆನಡಾದ ವ್ಯಾಂಕೂವರ್‌ನಲ್ಲಿರುವ ನನ್ನ ಮಗಳಿಗೆ ಈ ಸಂಗತಿ ಹೇಳಿದಾಗ, ತಮ್ಮ ಪ್ರಾಂತದಲ್ಲಿಯೂ ಅಟ್ಲಿನ್ ಎಂಬ ಕ್ಷೇತ್ರವೊಂದಿತ್ತೆಂದೂ, ಅಲ್ಲಿಯೂ ಒಂದು ಮತದ ಸೋಲು ನಡೆದು ಮುಂದೆ ಆ ಕ್ಷೇತ್ರವನ್ನು ರದ್ದು ಮಾಡಿದರೆಂದೂ ಹೇಳಿದಳು. ಅದರ ಚರಿತ್ರೆಯನ್ನು ದಯವಿಟ್ಟು ವಿವರವಾಗಿ ತಿಳಿಸುವಿರಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಸಂತೇಮರಹಳ್ಳಿಯಲ್ಲಿ ಎಣಿಕೆ ಮುಗಿದಾಗ ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದಿದ್ದವು. ಅದಕ್ಕೆ ಕಾಲು ಶತಮಾನ ಮೊದಲು, 1979ರ ಮೇ 10ರಂದು ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಶಾಸನಸಭೆಗೆ ನಡೆದ ಚುನಾವಣೆಯಲ್ಲಿ, ಅಟ್ಲಿನ್ ಕ್ಷೇತ್ರವನ್ನು ಎರಡೂವರೆ ದಶಕಗಳಿಗೂ ಹೆಚ್ಚು ಕಾಲ ಪ್ರತಿನಿಧಿಸಿದ್ದ ಫ್ರಾಂಕ್ ಕಾಲ್ಡರ್ ಅವರು ಆಲ್ ಪ್ಯಾಸರೆಲ್ ಅವರೆದುರು ಒಂದು ಮತದಿಂದ ಸೋತರು. ಕಾಲ್ಡರ್ ಮತ್ತು ಅವರ ಪತ್ನಿ ಅಂದು ತಾವೇ ಮತ ಹಾಕಿರಲಿಲ್ಲವೆಂಬ ಮಾತು ನಿಮ್ಮ ಊರಿನ ಚಾಲಕನ ಕಥೆಯ ಹಾಗೆಯೇ ಅಲ್ಲಿ ಪ್ರಚಾರದಲ್ಲಿದೆ. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಆ ಕ್ಷೇತ್ರಕ್ಕೂ ಕಾಲ್ಡರ್ ಅವರಿಗೂ ಅನ್ಯಾಯ ಮಾಡಿದಂತಾಗುತ್ತದೆ. ಏಕೆಂದರೆ ಕೆನಡಾದ ಮೂಲನಿವಾಸಿಗಳ ಭೂಮಿಯ ಹಕ್ಕಿನ ಹೋರಾಟವನ್ನು ಅಟ್ಲಿನ್‌ನ ಹೆಸರು ಬಿಟ್ಟು ಬರೆಯಲಾಗುವುದಿಲ್ಲ.

ಮೊದಲು ಊರಿನ ವಿಚಾರ. ಅಟ್ಲಿನ್ ಎಂಬುದು ಬ್ರಿಟಿಷ್ ಕೊಲಂಬಿಯಾದ ವಾಯವ್ಯ ತುದಿಯಲ್ಲಿ, ಯೂಕಾನ್ ಪ್ರದೇಶದ ಗಡಿಗೆ ಅಂಟಿಕೊಂಡಂತೆ ಇರುವ ಒಂದು ಚಿಕ್ಕ ಊರು. ಅಲ್ಲಿನ ಟ್ಲಿಂಗಿಟ್ ಜನರ ಭಾಷೆಯಲ್ಲಿ ಆ ಹೆಸರಿಗೆ ದೊಡ್ಡ ನೀರು, ದೊಡ್ಡ ಸರೋವರ ಎಂದರ್ಥ, ಮತ್ತು ಊರು ಅಂಥದೊಂದು ಸರೋವರದ ದಡದಲ್ಲೇ ಇದೆ. ಇವತ್ತಿಗೂ ಅಲ್ಲಿಗೆ ರಸ್ತೆಯಲ್ಲಿ ಹೋಗಬೇಕಾದರೆ ಮೊದಲು ಪ್ರಾಂತವನ್ನು ದಾಟಿ ಯೂಕಾನ್‌ಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಮತ್ತೆ ಸ್ವಂತ ಪ್ರಾಂತದೊಳಗೆ ಬರಬೇಕು. 1898ರಲ್ಲಿ ಪೈನ್ ಕ್ರೀಕ್ ಎಂಬ ಹಳ್ಳದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹರಡಿದ ಮೇಲೆ ಸಾವಿರಾರು ಮಂದಿ ಅಲ್ಲಿಗೆ ನುಗ್ಗಿದರು. ಆ ಜನಸಂದಣಿಯ ಬೆನ್ನಿಗೇ, 1903ರ ಚುನಾವಣೆಯ ಹೊತ್ತಿಗೆ, ಹಳೆಯ ಕ್ಯಾಸಿಯರ್ ಕ್ಷೇತ್ರದಿಂದ ಒಂದು ಭಾಗವನ್ನು ಬಿಡಿಸಿ ಅಟ್ಲಿನ್ ಎಂಬ ಹೊಸ ಕ್ಷೇತ್ರವನ್ನು ರಚಿಸಲಾಯಿತು. ಆ ಪ್ರಾಂತದಲ್ಲಿ ಅಭ್ಯರ್ಥಿಗಳು ಪಕ್ಷಗಳ ಹೆಸರಿನಲ್ಲಿ ನಿಂತ ಮೊದಲ ಚುನಾವಣೆಯೂ ಅದೇ. ಚಿನ್ನ ಕರಗಿದ ಹಾಗೆ ಜನರೂ ಕರಗಿದರು. ಕ್ಷೇತ್ರ ಮಾತ್ರ ಉಳಿಯಿತು.

ಅಟ್ಲಿನ್‌ನಿಂದ 1903ರಲ್ಲಿ ಆಯ್ಕೆಯಾದವರು ಅದೇ ಊರಿನಲ್ಲಿ ವೈದ್ಯರಾಗಿದ್ದ ಡಾ. ಹೆನ್ರಿ ಎಸ್ಸನ್ ಯಂಗ್. ಅವರು ಮುಂದೆ ಪ್ರಾಂತದ ಶಿಕ್ಷಣ ಸಚಿವರಾದರು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಥಾಪನೆಗೆ ಕಾರಣವಾದ 1908ರ ಶಾಸನದ ಹಿಂದೆ ಇದ್ದವರು ಅವರೇ. ನಿಮ್ಮ ಮಗಳಿರುವ ನಗರದಲ್ಲಿರುವ ಆ ದೊಡ್ಡ ವಿಶ್ವವಿದ್ಯಾಲಯಕ್ಕೂ ಹಿಮದ ನಾಡಿನ ಈ ಪುಟ್ಟ ಕ್ಷೇತ್ರಕ್ಕೂ ಹೀಗೊಂದು ನಂಟಿದೆಯೆಂಬುದನ್ನು ಅವರಿಗೆ ತಿಳಿಸಿ. ಯಂಗ್ ಅವರ ನಂತರದ ಮೂರು ದಶಕಗಳ ಶಾಸಕರ ಪಟ್ಟಿಯನ್ನು ಇಲ್ಲಿ ಕೊಡುವ ಅಗತ್ಯವಿಲ್ಲ. ಅಟ್ಲಿನ್‌ನ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು 1949ರಲ್ಲಿ.

ಅಟ್ಲಿನ್ ಕ್ಷೇತ್ರವೆಂದರೆ ಅಟ್ಲಿನ್ ಊರೊಂದೇ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಆ ಕ್ಷೇತ್ರದ ದಕ್ಷಿಣದ ತುದಿಯಲ್ಲಿ ನಾಸ್ ನದಿಯ ಕಣಿವೆಯಿದ್ದು, ಅದು ನಿಸ್ಗಾ ಎಂಬ ಮೂಲನಿವಾಸಿ ಜನರ ನಾಡು. ಚಳಿಗಾಲದ ಕೊನೆಯಲ್ಲಿ ಊಲಿಕನ್ ಎಂಬ ಚಿಕ್ಕ ಮೀನು ಆ ನದಿಗೆ ಹಿಂಡುಹಿಂಡಾಗಿ ಬರುತ್ತದೆ. ಒಣಗಿಸಿ ತುದಿಗೆ ಬೆಂಕಿ ಮುಟ್ಟಿಸಿದರೆ ಬತ್ತಿಯ ಹಾಗೆ ಉರಿಯುವಷ್ಟು ಜಿಡ್ಡು ಅದರಲ್ಲಿರುತ್ತದೆ. ಆ ಮೀನನ್ನು ಕುದಿಸಿ ತೆಗೆದ ಎಣ್ಣೆಯೇ ಶತಮಾನಗಳ ಕಾಲ ನಿಸ್ಗಾ ಜನರ ಊಟಕ್ಕೂ ವ್ಯಾಪಾರಕ್ಕೂ ಆಧಾರವಾಗಿತ್ತು. ಈ ಕಣಿವೆಯನ್ನು ಅವರು ಯುದ್ಧದಲ್ಲಿ ಸೋತು ಬಿಟ್ಟುಕೊಟ್ಟಿರಲಿಲ್ಲ, ಒಪ್ಪಂದ ಮಾಡಿ ಮಾರಿಯೂ ಇರಲಿಲ್ಲ. 1887ರಲ್ಲಿ ಅವರ ಮುಖಂಡರು ನೆರೆಯ ಸಿಮ್ಶಿಯಾನ್ ಮುಖಂಡರೊಡನೆ ಪ್ರಾಂತದ ರಾಜಧಾನಿ ವಿಕ್ಟೋರಿಯಾದವರೆಗೂ ಹೋಗಿ ತಮ್ಮ ನೆಲದ ಪ್ರಶ್ನೆಯನ್ನು ಪ್ರಾಂತದ ಮುಖ್ಯಮಂತ್ರಿಯ ಮುಂದಿಟ್ಟು ಬರಿಗೈಯಲ್ಲಿ ಮರಳಿದ್ದರು. 1913ರಲ್ಲಿ, ಆಗ ಬ್ರಿಟಿಷ್ ಸಾಮ್ರಾಜ್ಯದ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಮನವಿ ಕಳುಹಿಸಿದ್ದರು. 1927ರಲ್ಲಿ ಕೆನಡಾ ಸರ್ಕಾರವು ಕಾಯಿದೆಯನ್ನು ತಿದ್ದಿ, ಮೂಲನಿವಾಸಿಗಳು ಭೂಮಿಯ ಹಕ್ಕಿನ ದಾವೆಗಾಗಿ ಹಣ ಕೂಡಿಸುವುದನ್ನೇ ಅಪರಾಧವೆಂದು ಸಾರಿತು. ಆ ನಿಷೇಧ 1951ರವರೆಗೂ ಮುಂದುವರಿಯಿತು. ನ್ಯಾಯಾಲಯದ ಬಾಗಿಲನ್ನು ಹೀಗೆ ಹೊರಗಿನಿಂದ ಅಗುಳಿ ಹಾಕಿ ಮುಚ್ಚಿದ ಇನ್ನೊಂದು ಕಾನೂನು ನನಗೆ ತಟ್ಟನೆ ನೆನಪಾಗುವುದಿಲ್ಲ.

ಮತಪೆಟ್ಟಿಗೆಯ ಬಾಗಿಲೂ ಮುಚ್ಚಿತ್ತು. ಬ್ರಿಟಿಷ್ ಕೊಲಂಬಿಯಾ 1871ರಲ್ಲಿ ಕೆನಡಾದ ಒಕ್ಕೂಟ ಸೇರಿದ ಮರುವರ್ಷವೇ ಅಲ್ಲಿನ ಶಾಸನಸಭೆಯು ಮೂಲನಿವಾಸಿಗಳ ಮತ್ತು ಚೀನೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. 1895ರಲ್ಲಿ ಜಪಾನೀಯರ ಸರದಿ ಬಂತು, 1907ರಲ್ಲಿ ಭಾರತದಿಂದ ಹೋದವರದು. ಪಂಜಾಬಿನಿಂದ ಹೋಗಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ನಮ್ಮವರು ಬ್ರಿಟಿಷ್ ಪ್ರಜೆಗಳಾಗಿದ್ದರೂ ಮತ ಹಾಕಲು ನಲವತ್ತು ವರ್ಷ ಕಾಯಬೇಕಾಯಿತು. ಚೀನೀಯರಿಗೂ ಭಾರತೀಯರಿಗೂ 1947ರಲ್ಲಿ, ಜಪಾನೀಯರಿಗೂ ಮೂಲನಿವಾಸಿಗಳಿಗೂ 1949ರಲ್ಲಿ ಪ್ರಾಂತದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಮರಳಿತು. ಹಕ್ಕು ಮರಳಿದ ಅದೇ ವರ್ಷ, ಜೂನ್ ತಿಂಗಳಿನಲ್ಲಿ ನಡೆದ ಚುನಾವಣೆಯಲ್ಲಿ, ಅಟ್ಲಿನ್‌ನ ಮತದಾರರು ನಿಸ್ಗಾ ಜನಾಂಗದ ಫ್ರಾಂಕ್ ಕಾಲ್ಡರ್ ಅವರನ್ನು ಗೆಲ್ಲಿಸಿ ಕಳುಹಿಸಿದರು. ಆ ಪ್ರಾಂತದ ಶಾಸನಸಭೆಯೊಳಗೆ ಮೂಲನಿವಾಸಿಯೊಬ್ಬರು ಸದಸ್ಯರಾಗಿ ಕುಳಿತದ್ದು ಅದೇ ಮೊದಲು. ರಾಷ್ಟ್ರೀಯ ಸಂಸತ್ತಿನ ಚುನಾವಣೆಯಲ್ಲಿ ಅವರ ಜನರೆಲ್ಲ ತಮ್ಮ ಕಾನೂನಾತ್ಮಕ ಸ್ಥಾನಮಾನ ಬಿಟ್ಟುಕೊಡದೆ ಮತ ಹಾಕಲು 1960ರವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ ಈ ಗೆಲುವಿನ ಬೆಲೆ ತಿಳಿಯುತ್ತದೆ.

ಕಾಲ್ಡರ್ ಹುಟ್ಟಿದ್ದು 1915ರ ಆಗಸ್ಟ್‌ನಲ್ಲಿ, ನಾಸ್ ನದಿಯ ಅಳಿವೆಯ ಬಳಿ. ಅವರನ್ನು ದತ್ತು ಪಡೆದ ನಿಸ್ಗಾ ಮುಖಂಡರು ಹಿರಿಯರ ಸಭೆಯಲ್ಲಿ ಆ ಪುಟ್ಟ ಬಾಲಕನನ್ನು ಎಲ್ಲರಿಗೂ ತೋರಿಸಿ, ಇವನು ಬಿಳಿಯರ ಕಾನೂನನ್ನು ಕಲಿತು ಬಂದು ಅಲುಗದ ಬೆಟ್ಟವನ್ನು ಅಲುಗಿಸುತ್ತಾನೆಂಬ ಅರ್ಥದ ಮಾತನ್ನಾಡಿದ್ದರೆಂದು ಕಾಲ್ಡರ್ ಹೇಳಿಕೊಳ್ಳುತ್ತಿದ್ದರು. ಬೆಟ್ಟವೆಂದರೆ ನೆಲದ ಹಕ್ಕಿನ ಪ್ರಶ್ನೆ. ಮನೆಯಿಂದ ನೂರಾರು ಮೈಲಿ ದೂರದ ವಸತಿಶಾಲೆಯಲ್ಲಿ ಓದಿದ ಅವರು 1946ರಲ್ಲಿ ಪದವಿ ಪಡೆದದ್ದು ಡಾ. ಯಂಗ್ ಅವರು ಕಟ್ಟಿಸಿದ ಆ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಆಂಗ್ಲಿಕನ್ ಧರ್ಮಶಾಸ್ತ್ರದ ಕಾಲೇಜಿನಿಂದ. ಅಟ್ಲಿನ್‌ನ ಒಬ್ಬ ಶಾಸಕರು ನೆಟ್ಟ ಗಿಡದ ನೆರಳಿನಲ್ಲಿ ಅದೇ ಕ್ಷೇತ್ರದ ಮುಂದಿನ ಶಾಸಕರು ಓದಿದ್ದರೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

1955ರಲ್ಲಿ ಕಾಲ್ಡರ್ ಅವರು ನಾಸ್ ಕಣಿವೆಯ ಊರುಗಳನ್ನು ಒಗ್ಗೂಡಿಸಿ ನಿಸ್ಗಾ ಬುಡಕಟ್ಟು ಮಂಡಳಿಯನ್ನು ಕಟ್ಟಿದರು. 1956ರಲ್ಲಿ ಸೋತರು, 1960ರಲ್ಲಿ ಮತ್ತೆ ಗೆದ್ದರು. 1967ರಲ್ಲಿ ಮಂಡಳಿಯು ಪ್ರಾಂತ ಸರ್ಕಾರದ ವಿರುದ್ಧ, ನಮ್ಮ ನೆಲದ ಮೇಲಿನ ನಮ್ಮ ಹಕ್ಕು ಎಂದಿಗೂ ರದ್ದಾಗಿಲ್ಲವೆಂದು ಘೋಷಿಸಬೇಕೆಂದು ದಾವೆ ಹೂಡಿತು. ವಾದಿಸಿದವರು ಥಾಮಸ್ ಬರ್ಗರ್ ಎಂಬ ವಕೀಲರು. ವಿಚಾರಣಾ ನ್ಯಾಯಾಲಯದಲ್ಲಿ ಸೋಲಾಯಿತು, ಮೇಲ್ಮನವಿಯಲ್ಲಿಯೂ ಸೋಲಾಯಿತು. ಕೊನೆಗೆ ಪ್ರಕರಣವು ಕೆನಡಾದ ಸುಪ್ರೀಂ ಕೋರ್ಟಿಗೆ ಹೋಯಿತು. ಈ ನಡುವೆ 1972ರಲ್ಲಿ ಪ್ರಾಂತದಲ್ಲಿ ಸರ್ಕಾರ ಬದಲಾಗಿ, ಡೇವ್ ಬ್ಯಾರೆಟ್ ಅವರ ಸಂಪುಟದಲ್ಲಿ ಕಾಲ್ಡರ್ ಅವರೇ ಖಾತೆಯಿಲ್ಲದ ಸಚಿವರಾದರು. ಹಾಗಾಗಿ 1973ರ ಜನವರಿ 31ರಂದು ತೀರ್ಪು ಹೊರಬಿದ್ದಾಗ, ದಾವೆ ಹೂಡಿದವರ ಮುಖಂಡರೇ ಪ್ರತಿವಾದಿ ಸರ್ಕಾರದ ಸಚಿವರಾಗಿದ್ದರು.

ಆ ತೀರ್ಪನ್ನು ತಾಳ್ಮೆಯಿಂದ ಓದಬೇಕು. ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ಆರು ಮಂದಿ, ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲೆ ಕಾನೂನು ಮನ್ನಿಸುವ ಹಕ್ಕು ಇತ್ತೆಂಬುದನ್ನು ಒಪ್ಪಿದರು. ಆ ಆರರಲ್ಲಿ ಮೂವರು ಆ ಹಕ್ಕು ವಸಾಹತು ಕಾಲದ ಶಾಸನಗಳಿಂದ ಅಳಿದುಹೋಗಿದೆಯೆಂದರು, ಮೂವರು ಅದು ಇಂದಿಗೂ ಉಳಿದಿದೆಯೆಂದರು. ಏಳನೆಯವರು ಹಕ್ಕಿನ ಪ್ರಶ್ನೆಗೇ ಹೋಗದೆ, ಸರ್ಕಾರದ ಮೇಲೆ ದಾವೆ ಹೂಡಲು ಮೊದಲೇ ಪಡೆಯಬೇಕಾಗಿದ್ದ ಅನುಮತಿಯನ್ನು ಪಡೆದಿಲ್ಲವೆಂಬ ತಾಂತ್ರಿಕ ಕಾರಣದಿಂದ ದಾವೆಯನ್ನು ವಜಾ ಮಾಡಿದರು. ಅಂದರೆ ನಿಸ್ಗಾ ಜನರು ಅಲ್ಲಿಯೂ ಒಂದೇ ಮತದಿಂದ ಸೋತರು. ಆದರೂ ಅದುವರೆಗೆ ಅಂಥ ಹಕ್ಕೇ ಇಲ್ಲವೆನ್ನುತ್ತಿದ್ದ ಕೆನಡಾ ಸರ್ಕಾರವು ಅದೇ ವರ್ಷದ ಆಗಸ್ಟ್‌ನಲ್ಲಿ ಭೂಮಿಯ ಹಕ್ಕಿನ ಬಗ್ಗೆ ಮಾತುಕತೆಗೆ ಸಿದ್ಧವೆಂದು ನೀತಿಯನ್ನು ಪ್ರಕಟಿಸಿತು. ಮಾತುಕತೆ ಮುಗಿಯಲು ಕಾಲು ಶತಮಾನ ಬೇಕಾಯಿತು: 1998ರ ಆಗಸ್ಟ್ 4ರಂದು ನಾಸ್ ಕಣಿವೆಯಲ್ಲಿಯೇ ಒಪ್ಪಂದಕ್ಕೆ ಅಂಕಿತ ಬಿದ್ದು, 2000ದ ಮೇ 11ರಂದು ಅದು ಜಾರಿಗೆ ಬಂದು, ಸುಮಾರು 2000 ಚದರ ಕಿಲೋಮೀಟರ್ ನೆಲವೂ ಸ್ವಯಂ ಆಡಳಿತದ ಅಧಿಕಾರವೂ ನಿಸ್ಗಾ ಜನರ ಕೈಗೆ ಬಂದವು. ಕಾಲ್ಡರ್ ಅದನ್ನು ಕಣ್ಣಾರೆ ಕಂಡು, 2006ರ ನವೆಂಬರ್‌ನಲ್ಲಿ 91ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು 1979ರ ಸೋಲಿನ ವಿಚಾರ. 1973ರಲ್ಲಿ ಸಂಪುಟದಿಂದ ಹೊರಬಿದ್ದ ಕಾಲ್ಡರ್, ಎನ್‌ಡಿಪಿ (ನ್ಯೂ ಡೆಮಾಕ್ರಾಟಿಕ್ ಪಕ್ಷ) ಎಂದು ಕರೆಯುವ ತಮ್ಮ ಹಳೆಯ ಪಕ್ಷದಿಂದ ದೂರ ಸರಿದು ಸೋಷಿಯಲ್ ಕ್ರೆಡಿಟ್ ಪಕ್ಷಕ್ಕೆ ಸೇರಿದ್ದರು. 1975ರಲ್ಲಿ ಆ ಪಕ್ಷದಿಂದಲೂ ಅಟ್ಲಿನ್ ಅವರನ್ನು ಗೆಲ್ಲಿಸಿತು. ನಾಲ್ಕು ವರ್ಷಗಳ ಬಳಿಕ ಎನ್‌ಡಿಪಿಯ ಪ್ಯಾಸರೆಲ್ ಅವರಿಗೆ ಒಂದು ಮತ ಹೆಚ್ಚು ಬಂತು. ಪ್ರಾಂತದಲ್ಲಿ ಸೋಷಿಯಲ್ ಕ್ರೆಡಿಟ್ 31, ಎನ್‌ಡಿಪಿ 26 ಸ್ಥಾನ ಪಡೆದಿದ್ದರಿಂದ ಈ ಒಂದು ಮತ ಸರ್ಕಾರವನ್ನು ಬದಲಿಸಲಿಲ್ಲ. ಪ್ಯಾಸರೆಲ್ ಅವರು 1986ರಲ್ಲಿ ಡೀಸ್ ಲೇಕ್‌ನಲ್ಲಿ ವಿಮಾನ ಅಪಘಾತದಲ್ಲಿ ಮೃತಪಟ್ಟರು. ಅದೇ ವರ್ಷದ ಚುನಾವಣೆಯಲ್ಲಿ ನಿಸ್ಗಾ ಜನಾಂಗದವರೇ ಆದ ಲ್ಯಾರಿ ಗುನೋ ಎಂಬ ವಕೀಲರು ಗೆದ್ದರು. ಅಟ್ಲಿನ್‌ನ ಕೊನೆಯ ಶಾಸಕರು ಅವರು.

ಪ್ರಶ್ನೆ: ಇಷ್ಟು ದೊಡ್ಡ ಚರಿತ್ರೆಯಿರುವ ಕ್ಷೇತ್ರವನ್ನು ಏಕೆ ರದ್ದು ಮಾಡಿದರು? ನಮ್ಮ ಸಂತೇಮರಹಳ್ಳಿಯನ್ನು ತೆಗೆದದ್ದಕ್ಕೂ ಅದಕ್ಕೂ ಹೋಲಿಕೆಯಿದೆಯೇ? (ಇದೂ ಅದೇ ಓದುಗರ ಪತ್ರದಲ್ಲಿತ್ತು.)

ಉತ್ತರ: ಒಂದೇ ಮಾತಿನಲ್ಲಿ ಹೇಳಬೇಕಾದರೆ, ಜನಸಂಖ್ಯೆಯ ಕಾರಣದಿಂದ. ಆದರೆ ಅಟ್ಲಿನ್‌ನ ಪ್ರಕರಣದಲ್ಲಿ ಆ ಕಾರಣವು ನ್ಯಾಯಾಲಯದ ತೀರ್ಪೊಂದರ ಮೂಲಕ ಬಂತು ಮತ್ತು ಆ ತೀರ್ಪು ಕೆನಡಾದಲ್ಲಿ ಕ್ಷೇತ್ರಗಳ ಗಡಿ ಎಳೆಯುವ ಕ್ರಮವನ್ನೇ ಬದಲಿಸಿತು.

1980ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾದ ಕ್ಷೇತ್ರಗಳ ಪೈಕಿ ಅತಿ ಚಿಕ್ಕದಾದ ಅಟ್ಲಿನ್‌ನ ಜನಸಂಖ್ಯೆ 5,511 ಆಗಿದ್ದರೆ, ವ್ಯಾಂಕೂವರ್‌ನ ಹೊರವಲಯದ ಕೋಕ್ವಿಟ್ಲಮ್-ಮೂಡಿ ಕ್ಷೇತ್ರದ ಜನಸಂಖ್ಯೆ 68,347 ಆಗಿತ್ತು. ಎರಡಕ್ಕೂ ಶಾಸಕರು ಒಬ್ಬೊಬ್ಬರೇ. ಪ್ರಾಂತದ ಸರಾಸರಿಗೆ ಹೋಲಿಸಿದರೆ ಅಟ್ಲಿನ್ ಶೇಕಡಾ 86.8ರಷ್ಟು ಕೆಳಗಿತ್ತು, ಆ ಇನ್ನೊಂದು ಶೇಕಡಾ 63.2ರಷ್ಟು ಮೇಲಿತ್ತು. ಅಟ್ಲಿನ್‌ನ ಒಬ್ಬ ನಿವಾಸಿಯ ಮಾತಿಗೆ ನಗರದ ಹನ್ನೆರಡು ಮಂದಿಯ ಮಾತಿನ ತೂಕವಿತ್ತೆಂದು ಇದರ ಅರ್ಥ. ನಾಗರಿಕ ಸ್ವಾತಂತ್ರ್ಯಗಳ ಸಂಘದ ಪರವಾಗಿ ಡಿಕ್ಸನ್ ಎಂಬುವರು ಇದನ್ನು ಪ್ರಶ್ನಿಸಿ ಪ್ರಾಂತದ ಸುಪ್ರೀಂ ಕೋರ್ಟಿಗೆ ಹೋದರು. 1982ರ ಹಕ್ಕುಗಳ ಸನ್ನದಿನಲ್ಲಿ ಹೇಳಿರುವ ಮತದಾನದ ಹಕ್ಕೆಂದರೆ ಚೀಟಿ ಪೆಟ್ಟಿಗೆಗೆ ಹಾಕುವ ಹಕ್ಕಷ್ಟೇ ಆಗದೆ, ಆ ಚೀಟಿಗೆ ಇತರರ ಚೀಟಿಯಷ್ಟೇ ಸರಿಸುಮಾರು ಬೆಲೆಯಿರಬೇಕೆಂಬುದೂ ಅದರೊಳಗೆ ಸೇರಿದೆಯೆಂದು 1989ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬೆವರ್ಲಿ ಮೆಕ್‌ಲಾಕ್ಲಿನ್ ತೀರ್ಪು ಕೊಟ್ಟರು. ಮುಂದೆ ಕೆನಡಾದ ಮುಖ್ಯ ನ್ಯಾಯಮೂರ್ತಿಯಾದವರು ಅವರೇ. ಹಳೆಯ ನಕ್ಷೆಯನ್ನು ಅವರು ಅಂದೇ ಹರಿದುಹಾಕದೆ, ಸರಿಪಡಿಸಲು ಶಾಸನಸಭೆಗೆ ಕಾಲಾವಕಾಶ ಕೊಟ್ಟರು. ನ್ಯಾಯಾಧೀಶ ಥಾಮಸ್ ಫಿಶರ್ ಅವರ ಆಯೋಗವು, ಯಾವ ಕ್ಷೇತ್ರವೂ ಸರಾಸರಿಗಿಂತ ಶೇಕಡಾ 25ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದೆಂಬ ಅಳತೆಯಿಟ್ಟು ಸಿದ್ಧಪಡಿಸಿದ 75 ಕ್ಷೇತ್ರಗಳ ನಕ್ಷೆಯಲ್ಲಿ 1991ರ ಚುನಾವಣೆ ನಡೆಯಿತು. ಅದರಲ್ಲಿ ಅಟ್ಲಿನ್ ಇರಲಿಲ್ಲ. ಅದರ ಭಾಗಗಳು ನೆರೆಯ ಕ್ಷೇತ್ರಗಳಿಗೆ ಹಂಚಿಹೋದವು. ಅಟ್ಲಿನ್ ಊರು ಬಲ್ಕ್‌ಲೀ ವ್ಯಾಲಿ-ಸ್ಟಿಕೀನ್ ಕ್ಷೇತ್ರಕ್ಕೆ ಸೇರಿತು.

ಆ ತೀರ್ಪು ಸರಿಯೆಂದೇ ನಾನು ಭಾವಿಸುತ್ತೇನೆ. ಹನ್ನೆರಡು ಪಟ್ಟು ಅಂತರವನ್ನು ಯಾವ ನ್ಯಾಯದಿಂದಲೂ ಸಮರ್ಥಿಸಲಾಗದು. ಆದರೆ ಇದನ್ನು ಬರೆಯುವಾಗ ಮನಸ್ಸಿಗೆ ನೋವಾಗುವುದೂ ನಿಜ. 1949ರಲ್ಲಿ ನಿಸ್ಗಾ ಜನರ ಕೆಲವು ನೂರು ಮತಗಳು ಫಲಿತಾಂಶವನ್ನು ತೀರ್ಮಾನಿಸುವಷ್ಟು ತೂಗಿದ್ದು ಕ್ಷೇತ್ರವು ಅಷ್ಟು ಚಿಕ್ಕದಾಗಿದ್ದರಿಂದಲೇ. ದೊಡ್ಡ ಕ್ಷೇತ್ರದಲ್ಲಿ ಅದೇ ಮತಗಳು ಮುಳುಗಿಹೋಗುತ್ತಿದ್ದವು. ನಗರದ ಮತದಾರನಿಗೆ ಅನ್ಯಾಯವೆನಿಸಿದ ಆ ಚಿಕ್ಕತನವೇ, 77 ವರ್ಷ ಮತದಾನದಿಂದ ಹೊರಗಿದ್ದ ಜನರಿಗೆ ಶಾಸನಸಭೆಯ ಬಾಗಿಲು ತೆರೆದಿತ್ತು. ನ್ಯಾಯಮೂರ್ತಿ ಮೆಕ್‌ಲಾಕ್ಲಿನ್ ಅವರಿಗೂ ಈ ಸಂಕಟದ ಅರಿವಿತ್ತೆಂದು ತೋರುತ್ತದೆ: 1991ರಲ್ಲಿ ಸಸ್ಕ್ಯಾಚೆವಾನ್ ಪ್ರಾಂತದ ಗಡಿಗಳ ಪ್ರಕರಣವು ಕೆನಡಾದ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಬಹುಮತದ ತೀರ್ಪು ಬರೆದ ಅವರು, ಗುರಿಯಿರುವುದು ಪರಿಣಾಮಕಾರಿಯಾದ ಪ್ರಾತಿನಿಧ್ಯವೇ ಹೊರತು ಲೆಕ್ಕದ ಪೂರ್ಣ ಸಮಾನತೆಯಲ್ಲವೆಂದೂ, ಭೂಗೋಳ, ಸಮುದಾಯದ ಇತಿಹಾಸ, ಅಲ್ಪಸಂಖ್ಯಾತರ ಪ್ರಾತಿನಿಧ್ಯ ಇವುಗಳನ್ನೂ ಗಣನೆಗೆ ತೆಗೆದುಕೊಳ್ಳಬಹುದೆಂದೂ ಹೇಳಿದರು. ಇದೇ ನೆಲೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಉತ್ತರದ ಕೆಲವು ವಿಶಾಲ ಕ್ಷೇತ್ರಗಳಿಗೆ ಶೇಕಡಾ 25ರ ಮಿತಿಯಿಂದ ಇಂದಿಗೂ ವಿನಾಯಿತಿ ಸಿಗುತ್ತಿದೆ.

ಸಂತೇಮರಹಳ್ಳಿಯನ್ನು ತೆಗೆದದ್ದು ಯಾರೋ ದಾವೆ ಹೂಡಿದ್ದರಿಂದಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯ ಆಧಾರದ ಮೇಲೆ ದೇಶದ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಗುರುತಿಸಿತು. ಆ ಹೊಸ ಗಡಿಗಳಲ್ಲಿ ಮೊದಲು ವಿಧಾನಸಭಾ ಚುನಾವಣೆ ನಡೆಸಿದ ರಾಜ್ಯ ನಮ್ಮದೇ, 2008ರ ಮೇ ತಿಂಗಳಿನಲ್ಲಿ. ರಾಜ್ಯದ ಒಟ್ಟು ಸ್ಥಾನಗಳು 224ರಲ್ಲೇ ಉಳಿದವು, ಬೆಂಗಳೂರಿನ ಸ್ಥಾನಗಳು ಹೆಚ್ಚಿದವು. ಹೆಚ್ಚಿದ್ದನ್ನು ಹೊಂದಿಸಲು ಗ್ರಾಮಾಂತರದ ಕೆಲವು ಹಳೆಯ ಕ್ಷೇತ್ರಗಳು ಇಲ್ಲವಾಗಲೇಬೇಕಿತ್ತು. ಸಂತೇಮರಹಳ್ಳಿಯೂ ನಿಮ್ಮ ಯಳಂದೂರೂ ಕೊಳ್ಳೇಗಾಲ ಮೀಸಲು ಕ್ಷೇತ್ರದೊಳಗೆ ಸೇರಿದವು. ಧ್ರುವನಾರಾಯಣ ಅವರು 2008ರಲ್ಲಿ ಅಲ್ಲಿಂದ ಗೆದ್ದು, ಮರುವರ್ಷ ಚಾಮರಾಜನಗರದ ಲೋಕಸಭಾ ಸದಸ್ಯರಾದರು. 2023ರ ಮಾರ್ಚ್‌ನಲ್ಲಿ ನಿಧನರಾದರು. ಮಾಜಿ ರಾಜ್ಯಪಾಲ ಬಿ. ರಾಚಯ್ಯನವರ ಪುತ್ರರಾದ ಕೃಷ್ಣಮೂರ್ತಿ ಅವರು, ಒಂದು ಮತದಿಂದ ಸೋತ ಹತ್ತೊಂಬತ್ತು ವರ್ಷಗಳ ನಂತರ, 2023ರ ಮೇ ತಿಂಗಳಿನಲ್ಲಿ ಕೊಳ್ಳೇಗಾಲದಿಂದ ಭಾರೀ ಅಂತರದಲ್ಲಿ ಆಯ್ಕೆಯಾದದ್ದನ್ನು ನೀವು ಕಣ್ಣೆದುರೇ ಕಂಡಿದ್ದೀರಿ.

ಪ್ರಶ್ನೆ: ಮಗಳು ಕ್ಷೇತ್ರವನ್ನು ‘ರೈಡಿಂಗ್’ ಎನ್ನುತ್ತಾಳೆ. ಕುದುರೆ ಸವಾರಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿಲ್ಲ. ಒಂದು ದಿನ ಕುದುರೆಯ ಮೇಲೆ ಸುತ್ತಿ ಬರುವಷ್ಟು ಪ್ರದೇಶವೆಂದು ವಿವರಿಸುವವರು ಅಲ್ಲಿಯೂ ಇದ್ದಾರೆ, ಆದರೆ ಅದು ಶಬ್ದದ ಸಾಮ್ಯ ನೋಡಿ ಹುಟ್ಟಿದ ಕಥೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರದೇಶವನ್ನು ಹಿಂದೆ ಮೂರು ಪಾಲು ಮಾಡಿ ಆಳುತ್ತಿದ್ದರು. ಮೂರನೆಯ ಒಂದು ಪಾಲು ಎಂಬ ಅರ್ಥದ ಹಳೆಯ ನಾರ್ಸ್ ಶಬ್ದವೇ ಸವೆದು ರೈಡಿಂಗ್ ಆಯಿತು. ವಲಸೆ ಹೋದವರೊಡನೆ ಅದು ಕೆನಡಾಕ್ಕೆ ಹೋಗಿ, ಅಧಿಕೃತ ಕಾಗದಗಳಲ್ಲಿ ಬೇರೆ ಹೆಸರಿದ್ದರೂ, ಜನರ ಬಾಯಲ್ಲಿ ಚುನಾವಣಾ ಕ್ಷೇತ್ರದ ಹೆಸರಾಗಿ ನಿಂತಿತು. ಅಟ್ಲಿನ್‌ನಂಥ ಕ್ಷೇತ್ರವನ್ನು ಕುದುರೆಯ ಮೇಲೆ ಒಂದು ದಿನದಲ್ಲಿ ಸುತ್ತುವ ಮಾತಂತೂ ದೂರವೇ ಉಳಿಯಿತು. ಅಲ್ಲಿನ ಶಾಸಕರು ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ದೋಣಿಯನ್ನೋ ಸಣ್ಣ ವಿಮಾನವನ್ನೋ ನಂಬಿಕೊಂಡಿರಬೇಕಾಗಿತ್ತು.

ನಿಮ್ಮ ಮಗಳಿಗೆ ರಜೆಯಲ್ಲಿ ಬಿಡುವಾದರೆ ನಾಸ್ ಕಣಿವೆಗೆ ಹೋಗಿಬರಲು ಹೇಳಿ. ಟೆರೇಸ್ ಎಂಬ ಪಟ್ಟಣದಿಂದ ಉತ್ತರಕ್ಕೆ ಹೋಗುವ ರಸ್ತೆಯು, ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಜ್ವಾಲಾಮುಖಿಯೊಂದು ಉಕ್ಕಿ ಊರುಗಳನ್ನೇ ನುಂಗಿದ ಕಪ್ಪು ಕಲ್ಲಿನ ಬಯಲಿನ ನಡುವೆ ಹಾಯುತ್ತದೆ. ಅದನ್ನು ದಾಟಿದರೆ ಗಿಟ್‌ಲಾಖ್ತಾಮಿಕ್ಸ್ ಎಂಬ ಊರು ಸಿಗುತ್ತದೆ. ಕಾಲ್ಡರ್ ಅವರ ಹೆಸರಿನ ಪ್ರಕರಣದಿಂದ ಹುಟ್ಟಿದ ನಿಸ್ಗಾ ಸರ್ಕಾರದ ಶಾಸನಸಭೆ ಸೇರುವುದು ಆ ಊರಿನಲ್ಲಿಯೇ.